ಎಲೆಕೋಸಿನ ಸಸಿ ಸಕಾಲಕ್ಕೆ ಸಿಗಲಿ

ಮಾನ್ಯ ಸಂಪಾದಕರೇ,

ಕೊಪ್ಪಳದಂಥ ಬಿಸಿಲೂರಿನ ಕೈತೋಟದಲ್ಲಿ ಎಲೆಕೋಸು ಗಡ್ಡೆ ಕಟ್ಟಬೇಕಾದರೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತಿ, ನಾಲ್ಕೈದು ವಾರದ ಸಸಿಗಳನ್ನು ಸುಮಾರು 45 ಸೆಂ.ಮೀ. ಅಂತರದಲ್ಲಿ ನೆಟ್ಟು, ಚಳಿಯ ದಿನಗಳಲ್ಲೇ ಬೆಳೆಸಬೇಕು. ಆದರೆ ನಮ್ಮ ಓಣಿಗೆ ಸಸಿ ಮಾರುವವರು ಬರುವುದೇ ಸಂಕ್ರಾಂತಿಯ ಹೊತ್ತಿಗೆ. ಕಳೆದ ವರ್ಷ ಹಾಗೆ ತಡವಾಗಿ ನೆಟ್ಟ ಹನ್ನೆರಡು ಸಸಿಗಳಲ್ಲಿ ಮೂರು ಮಾತ್ರ ಮುಷ್ಟಿಗಾತ್ರದ ಗಡ್ಡೆ ಕಟ್ಟಿದವು. ಉಳಿದವು ಮಾರ್ಚ್ ತಿಂಗಳ ಬಿಸಿಲಿಗೆ ಎಲೆ ಬಿಚ್ಚಿಕೊಂಡೇ ನಿಂತವು (ನೆರೆಮನೆಯ ಎಮ್ಮೆಗೆ ಹಬ್ಬವಾಯಿತು). ಎಲೆಯಡಿಯ ಹಸಿರು ಹುಳುಗಳು ಬೇವಿನ ಬೀಜದ ಕಷಾಯಕ್ಕೆ ಹತೋಟಿಗೆ ಬಂದವು. ಎರೆಮಣ್ಣು ಒಣಗಿ ಬಿರುಕುಬಿಟ್ಟ ಮೇಲೆ ಒಮ್ಮೆಲೇ ನೀರು ಹಾಯಿಸಿದ್ದರಿಂದ, ಆ ಮೂರರಲ್ಲಿ ಒಂದು ನಡುವೆಯೇ ಸೀಳಿತು; ಅದು ನನ್ನದೇ ತಪ್ಪು. ತೋಟಗಾರಿಕೆ ಇಲಾಖೆಯು ದಸರೆಯ ನಂತರ ಹತ್ತಿಪ್ಪತ್ತು ಸಸಿಗಳ ಸಣ್ಣ ಕಟ್ಟುಗಳನ್ನು ಮನೆಬಳಕೆಯವರಿಗೂ ಮಾರುವ ವ್ಯವಸ್ಥೆ ಮಾಡಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ಕೊಪ್ಪಳ