ಹೊಸ ದನ ತಂದರೆ ಮೊದಲು ಬೇರೆ ಕಟ್ಟಿ

ಎಲ್ಲರಿಗೂ ನಮಸ್ಕಾರ. ಚಳ್ಳಕೆರೆ, ಹೊಳಲ್ಕೆರೆ ಕಡೆಯ ನಮ್ಮ ಸಾವಯವ ರೈತರ ಗುಂಪಿನ ಕೆಲವರು ಈ ವಾರ ಹೊಸ ಹಸು ತರುತ್ತಿದ್ದಾರೆ. ಅದಕ್ಕೇ ಈ ಮಾತು.

ಸಂತೆಯಿಂದ ತಂದದ್ದನ್ನು ಸೀದಾ ಕೊಟ್ಟಿಗೆಗೆ ಹೊಡೆಯಬೇಡಿ. 28 ದಿನ ಬೇರೆ ಕಟ್ಟಿ. ಜಾಸ್ತಿ ಆಯ್ತು ಅನಿಸಬಹುದು. ಕಾಲುಬಾಯಿ ಜ್ವರವಾದರೆ ಸಾಮಾನ್ಯವಾಗಿ 14 ದಿನದೊಳಗೆ ಕಾಣಿಸುತ್ತದೆ, ಆದರೆ ಚರ್ಮಗಂಟು ರೋಗ 28 ದಿನದವರೆಗೂ ಒಳಗೇ ಇರಬಹುದು. ಅದು ಕಚ್ಚುವ ನೊಣ, ಸೊಳ್ಳೆ, ಉಣ್ಣೆಯಿಂದ ಹರಡುತ್ತದೆ. ಹಾಗಾಗಿ ಪಕ್ಕದ ಗೂಟ ಸಾಲದು, ದೂರ ಕಟ್ಟಿ.

ಬಕೆಟ್, ಹಗ್ಗ ಬೇರೆ ಇರಲಿ. ಹಳೇ ದನದ ಕೆಲಸ ಮುಗಿಸಿ ಆಮೇಲೆ ಹೊಸದರ ಹತ್ತಿರ ಹೋಗಿ. ನಾನು ಒಮ್ಮೆ ಒಂದೇ ಬಕೆಟ್‌ನಲ್ಲಿ ನೀರಿಟ್ಟು ಮೂರು ದನ ಜೊಲ್ಲು ಸುರಿಸಿದ್ದನ್ನು ನೋಡಿದ್ದೇನೆ.

ಸಾವಯವ ಅಂತ ಲಸಿಕೆ ಬಿಡಬೇಡಿ. ಸಾವಯವ ನಿಯಮದಲ್ಲೂ ಲಸಿಕೆಗೆ ಅವಕಾಶ ಇದೆ. ಕೊಳ್ಳುವಾಗಲೇ ಕಿವಿ ಓಲೆಯ (ಗುರುತಿನ ಟ್ಯಾಗ್) 12 ಅಂಕಿ ಬರೆದುಕೊಳ್ಳಿ. ಗಬ್ಬದ ಹಸುವಾದರೆ ಕಂದು ಹಾಕುವ (ಗರ್ಭಪಾತದ) ರೋಗ ಬ್ರುಸೆಲ್ಲೋಸಿಸ್‌ಗೆ ರಕ್ತ ಪರೀಕ್ಷೆ ಮಾಡಿಸಿ.

ಬೇರೆ ಕಟ್ಟಿದ ಈ ದಿನಗಳ ಸಗಣಿ ಜೀವಾಮೃತಕ್ಕೆ (ಸಗಣಿ, ಗಂಜಲದಿಂದ ಮಾಡುವ ದ್ರವ ಗೊಬ್ಬರ) ಬೇಡ. ಐವರ್ಮೆಕ್ಟಿನ್‌ನಂಥ ಜಂತುಹುಳದ ಔಷಧಿ ಕೊಟ್ಟಿದ್ದರೆ ಸಗಣಿಯಲ್ಲೇ ಹೊರಬಂದು ಸಗಣಿ ಹುಳುಗಳನ್ನೂ ಕೊಲ್ಲುತ್ತದೆ.

ಗಂಟು, ಜೊಲ್ಲು, ಕುಂಟು ಕಂಡರೆ ಕಾಯದೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಗುಂಪಿನಲ್ಲೂ ತಿಳಿಸಿ, ನಾಚಿಕೆ ಬೇಡ.