ಕೌಲ್‌ಬಜಾರಿನ ಬುಟ್ಟಿ ಹೆಣೆಯುವ ಅಮ್ಮಾರಿಗೆ

ಬಳ್ಳಾರಿಯ ಕೌಲ್‌ಬಜಾರಿನಲ್ಲಿ ರಸ್ತೆ ಬದಿಗೆ ಕೂತು ಬುಟ್ಟಿ, ಮೊರ ಹೆಣೆಯುವ ಅಮ್ಮಾರೆ, ನಿಮ್ಮ ಹೆಸರು ಕೇಳಲಿಲ್ಲ. ನಮ್ಮ ಮನೆಮಂದಿಯೆಲ್ಲರ ಶರಣು ನಿಮಗೆ.

ಅಪ್ಪ ಇದ್ದಾಗ ಕ್ರಿಸ್ಮಸ್ ನಕ್ಷತ್ರ ಮನೆಯಲ್ಲೇ ಆಗಬೇಕಿತ್ತು. ಅಂಗಡಿಯ ಪ್ಲಾಸ್ಟಿಕ್ ನಕ್ಷತ್ರ ಅವರಿಗೆ ಸೇರುತ್ತಿರಲಿಲ್ಲ, ನನಗೂ ಸೇರುವುದಿಲ್ಲ. ಐದೈದು ಬಿದಿರು ಕಡ್ಡಿ ಕಟ್ಟಿ ಎರಡು ಚೌಕಟ್ಟು, ತುದಿಗೆ ತುದಿ ಸೇರಿಸಿ ದಾರ. ಐದೂ ಒಳಮೂಲೆಗಳಲ್ಲಿ ಗಿಡ್ಡ ಕಡ್ಡಿ ನಿಲ್ಲಿಸಿದರೆ ನಡು ಉಬ್ಬಿ ನಿಲ್ಲುತ್ತದೆ. ಮೇಲೆ ಬಣ್ಣದ ಕಾಗದ, ಮೈದಾ ಅಂಟು. ಹುಳ ಹಿಡಿಯದಿರಲೆಂದು ಅಂಟಿಗೆ ಚೂರು ಮೈಲುತುತ್ತ. ಬಲ್ಬ್ ಇಳಿಸಲು ಒಂದು ಕಡೆ ಕಾಗದ ಅಂಟಿಸದೆ ಬಿಡಬೇಕು. ಅತ್ತ ಅವ್ವ ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಗಳ ಅಲಂಕಾರಕ್ಕೆಂದು, ತಟ್ಟೆಯಲ್ಲಿ ರಾಗಿ ಚೆಲ್ಲಿ ಹಸಿರು ಬೆಳೆಸುತ್ತಿದ್ದಳು.

ಇದನ್ನೆಲ್ಲ ಮಕ್ಕಳಿಗೆ ಕಲಿಸಬೇಕೆಂದು ಬಿದಿರು ಹುಡುಕಿಕೊಂಡು ಬಂದಿದ್ದೆವು. ಗಿರಾಕಿ ಬರುವ ಹೊತ್ತಿನಲ್ಲೂ ನೀವು ಕೈಯೊಳಗಿನ ಬುಟ್ಟಿ ಬದಿಗಿಟ್ಟಿರಿ. "ಹಸಿ ಬಿದಿರು ಬೇಕ್ರಿ, ಒಣಗಿದ್ದು ಬಗ್ಗಂಗಿಲ್ಲ" ಅಂತ ಕಡ್ಡಿ ಸೀಳಿ, ನನ್ನ ಮಗಳ ಬೆರಳಿಗೆ ಸಿಬಿರು ಚುಚ್ಚದಂತೆ ಒಂದೊಂದನ್ನೂ ನುಣ್ಣಗೆ ಹೆರೆದುಕೊಟ್ಟಿರಿ. ದುಡ್ಡು ಕೊಡಹೋದರೆ, "ಹಬ್ಬದ್ದು, ಇರಲಿ ತಗೋರಿ" ಅಂದಿರಿ.

ಕ್ರಿಸ್ಮಸ್ಸಿನ ಮರುದಿನ ಕರ್ಜಿಕಾಯಿ, ಕೇಕ್ ಕಟ್ಟಿಕೊಂಡು ಬರುತ್ತೇವೆ. ಬೇಡ ಅನ್ನಬೇಡಿರಿ.