ಹುಬ್ಬಳ್ಳಿ ಬೇಡ ಅಂದದ್ದು ಯಾಕೆ ಅಂದರೆ

ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. "ನಿನ್ನ ಕಾಲದ ಲೆಕ್ಕ ಈಗ ನಡೆಯಲ್ಲಮ್ಮ" ಅಂದೆಯಲ್ಲ, ಆ ಮಾತಿಗೆ ಬೇಜಾರಿಲ್ಲ. ಶುಕ್ರವಾರದೊಳಗೆ ಆಫೀಸಿಗೆ ಹೇಳಬೇಕು, ಬೆಂಗಳೂರಲ್ಲೇ ಇರಲಾ, ಹುಬ್ಬಳ್ಳಿಗೋ ಮೈಸೂರಿಗೋ ಮಂಗಳೂರಿಗೋ ಹೋಗಲಾ ಅಂತ ನೀನು ಸಮಾಧಾನವಾಗಿ ಕೇಳಿದೆ. ನಾನು ಕಾರಣ ಹೇಳದೆ "ಎಲ್ಲಿಗಾದರೂ ಹೋಗು, ಹುಬ್ಬಳ್ಳಿ ಮಾತ್ರ ಬೇಡ" ಅಂತ ಕೂಗಿದೆ. ಅದಕ್ಕೇ ನಿದ್ದೆ ಬರಲಿಲ್ಲ. ವಾಟ್ಸಾಪಿನಲ್ಲಿ ಬರೆದರೆ ನೀನು ಓಡುತ್ತಾ ಓದುತ್ತೀಯ, ಅದಕ್ಕೆ ಕಾಗದ.

ಬೆಳಿಗ್ಗೆ ಎದ್ದು ಅಪ್ಪನ ಹತ್ತಿರ ಅಟ್ಟದಿಂದ ಖರ್ಚಿನ ಪುಸ್ತಕಗಳನ್ನೆಲ್ಲ ಇಳಿಸಿಕೊಂಡೆ. ಬ್ಯಾಂಕಿನವರು ವರ್ಗ ಮಾಡಿದ ಊರಿಗೆಲ್ಲ ನಾವು ಹೋದವರು, ಊರಿಗೊಂದು ಪುಸ್ತಕ ಇದೆ. ಹುಬ್ಬಳ್ಳಿಯಲ್ಲಿ 2009ರಲ್ಲಿ ಬಾಡಿಗೆ ₹3,500. ಮಂಗಳೂರಿಗೆ ಹೋದಾಗ 2011ರಲ್ಲಿ ₹6,000. ಮೈಸೂರಲ್ಲಿ 2015ಕ್ಕೆ ₹9,000. ಹಳೇ ಲೆಕ್ಕ ಅಂತ ನೀನು ಅಂದದ್ದು ಸರಿ. ಅದಕ್ಕೆ ಮೂರೂ ಊರಿನ ಹಳೇ ನೆರೆಯವರಿಗೆ ಫೋನ್ ಮಾಡಿ ಈಗಿನ ರೇಟು ಕೇಳಿದೆ. ಒಂದು ಬೆಡ್‌ರೂಮಿನ ಮನೆಗೆ ಹುಬ್ಬಳ್ಳಿ ವಿದ್ಯಾನಗರದಲ್ಲಿ ₹10,000, ಮೈಸೂರು ಕುವೆಂಪುನಗರದಲ್ಲಿ ₹12,000, ಮಂಗಳೂರು ಕದ್ರಿಯಲ್ಲಿ ₹14,000 ಅಂತೆ. ನೀನು ಮಾರತ್ತಹಳ್ಳಿಯಲ್ಲಿ ₹24,000 ಕೊಡುತ್ತಿದ್ದೀಯ, ಮೇಲೆ ಮೇಂಟೆನೆನ್ಸ್ ₹3,500. ನಿನ್ನ ಕೈಗೆ ಬರೋದು ₹62,000, ಬೇರೆ ಊರಿಗೆ ಹೋದರೆ ನೂರಕ್ಕೆ 15 ಕಡಿತ ಅಂದೆ. ಅಂದರೆ ₹52,700. ಹುಬ್ಬಳ್ಳಿಯಲ್ಲಿ ಮೇಂಟೆನೆನ್ಸ್ ಅಂತ ₹500 ಸೇರಿಸಿದರೂ ಮನೆ ಖರ್ಚಲ್ಲಿ ₹17,000 ಉಳಿಯುತ್ತದೆ, ಸಂಬಳದಲ್ಲಿ ₹9,300 ಹೋಗುತ್ತದೆ. ತಿಂಗಳಿಗೆ ₹7,700 ಕೈಯಲ್ಲಿ ಜಾಸ್ತಿ. ನಿನ್ನ ಲೆಕ್ಕ ಸರಿಯಾಗಿಯೇ ಇತ್ತು, ಪುಟ್ಟಿ. ನಾನು ಎರಡು ಸಲ ಕೂಡಿಸಿ ನೋಡಿದೆ.

ಅಡುಗೆಮನೆ ಖರ್ಚಲ್ಲಿ ಅಷ್ಟೇನೂ ವ್ಯತ್ಯಾಸ ಆಗಲ್ಲ, ಅದನ್ನು ತಲೆಯಿಂದ ತೆಗೆದುಬಿಡು. ನಂದಿನಿ ಹಾಲಿಗೆ 2025ರ ಏಪ್ರಿಲ್‌ನಲ್ಲಿ ಲೀಟರಿಗೆ ₹4 ಏರಿದಾಗ ಬೆಂಗಳೂರಿಗೂ ಏರಿತು, ನಮ್ಮ ಶಿವಮೊಗ್ಗಕ್ಕೂ ಏರಿತು. ಗ್ಯಾಸು, ಬೇಳೆ, ಎಣ್ಣೆ ಹತ್ತಿಪ್ಪತ್ತು ರೂಪಾಯಿ ಆಚೆ ಈಚೆ. ಬದಲಾಗೋದು ಬಾಡಿಗೆ, ಓಡಾಟ, ನೀರು. ಓಡಾಟಕ್ಕೆ ಒಂದು ವಿಷಯ ನೆನಪಿಟ್ಟುಕೋ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತಲ್ಲ, ಬೆಂಗಳೂರಲ್ಲೂ ಮೈಸೂರಲ್ಲೂ ಅದು ದೊಡ್ಡ ಉಳಿತಾಯ. ಮಂಗಳೂರಲ್ಲಿ ಊರೊಳಗೆ ಓಡೋದು ಹೆಚ್ಚಾಗಿ ಪ್ರೈವೇಟ್ ಬಸ್ಸು, ಅಲ್ಲಿ ಟಿಕೆಟ್ ತೆಗೆಯಲೇಬೇಕು. ಅಲ್ಲಿನ ಸೆಕೆಗೆ ಫ್ಯಾನು ಹಗಲು ರಾತ್ರಿ ತಿರುಗಬೇಕು, ಕರೆಂಟ್ ಬಿಲ್ಲನ್ನೂ ಲೆಕ್ಕಕ್ಕೆ ಹಿಡಿ. ಎಲ್ಲಿಗೆ ಮನೆ ಬದಲಿಸಿದರೂ ಗೃಹಜ್ಯೋತಿಯನ್ನು ಹಳೇ ಮನೆಯಿಂದ ಡಿ-ಲಿಂಕ್ ಮಾಡಿಸು. ಅಡ್ವಾನ್ಸ್ ವಾಪಸ್ ಕೊಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ, ಅಗ್ರಿಮೆಂಟಲ್ಲಿ ಏನು ಬರೆದಿದೆ ಈಗಲೇ ನೋಡಿಕೋ. ಮನೆಗೆ ಹೋದ ದಿನವೇ ಗೋಡೆಯ ಫೋಟೋ ತೆಗೆದಿಟ್ಟುಕೊಂಡಿದ್ದೀಯಾ? ಮೂರು ಸಲ ಹೇಳಿದ್ದೆ. ಸರಿ, ಬಿಡು. ಬುದ್ಧಿ ಹೇಳೋಕೆ ಅಂತ ಕೂತಿದ್ದಲ್ಲ ನಾನು.

ಅಪ್ಪ ಹೇಳುತ್ತಿದ್ದರು, ಕೇಂದ್ರ ಸರ್ಕಾರದ ನೌಕರರಿಗೆ ಮನೆಬಾಡಿಗೆ ಭತ್ಯೆ ಕೊಡುವಾಗ ಹುಬ್ಬಳ್ಳಿ-ಧಾರವಾಡ, ಮೈಸೂರು, ಮಂಗಳೂರು ಮೂರನ್ನೂ ಒಂದೇ ದರ್ಜೆಗೆ ಸೇರಿಸಿದ್ದಾರೆ ಅಂತ. 2024ರಿಂದ ಮೂಲ ವೇತನದ ಮೇಲೆ ಬೆಂಗಳೂರಿಗೆ ನೂರಕ್ಕೆ 30, ಈ ಊರುಗಳಿಗೆ 20, ನಮ್ಮಂಥ ಊರಿಗೆ 10. ಕಾಗದದ ಮೇಲೆ ಮೂರೂ ಊರು ಒಂದೇ. ನನ್ನ ಪುಸ್ತಕದಲ್ಲಿ ಒಂದೇ ಅಲ್ಲ. ಮೈಸೂರು, ಮಂಗಳೂರಿನ ಪುಸ್ತಕದಲ್ಲಿ "ನೀರು" ಅಂತ ಬರೆದದ್ದು ಒಂದು ಕಂದಾಯದ ಸಾಲು ಅಷ್ಟೆ. ಹುಬ್ಬಳ್ಳಿ ಪುಸ್ತಕದಲ್ಲಿ ಪುಟ ತಿರುಗಿಸಿದರೆ ನೀರೇ. ಡ್ರಮ್ಮು ₹450. ಇನ್ನೊಂದು ಡ್ರಮ್ಮು. ಪೈಪು. ಟ್ಯಾಂಕರ್ ಪಾಲು. ಮತ್ತೆ ಟ್ಯಾಂಕರ್ ಪಾಲು.

ನಿನಗೆ ಹುಬ್ಬಳ್ಳಿ ಅಂದರೆ ಉಣಕಲ್ ಕೆರೆ, ಗಿರ್ಮಿಟ್, ಸಿದ್ಧಾರೂಢರ ಜಾತ್ರೆ. ನನಗೆ ಆ ಊರಿನ ಜನ ಅಂದರೆ ಈಗಲೂ ಜೀವ, ಅಷ್ಟು ಅಂತಃಕರಣದವರನ್ನು ನಾನು ಬೇರೆಲ್ಲೂ ನೋಡಿಲ್ಲ. ಆದರೆ ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು. ಅದೂ ರಾತ್ರಿ ಎರಡು ಗಂಟೆಗೆ. "ನಳಾ ಬಂದಾವ್ರೀ" ಅಂತ ಎದುರು ಮನೆ ಅಕ್ಕೋರು ಬಾಗಿಲು ಬಡಿದರೆ ಇಡೀ ಓಣಿ ಎದ್ದು ಕೂರುತ್ತಿತ್ತು. ಆಗ ಊರಿನ ಕೆಲವೇ ವಾರ್ಡುಗಳಿಗೆ ದಿನದ 24 ಗಂಟೆ ನೀರು ಕೊಡುವ ಯೋಜನೆ ಶುರುವಾಗಿತ್ತು. ನಾವು ಮನೆ ಹುಡುಕುವಾಗ ಅದನ್ನು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಬಾಡಿಗೆ ₹500 ಕಡಿಮೆ ಅಂತ ಈ ಕಡೆ ಹಿಡಿದೆವು.

2009ರ ಮೇ ತಿಂಗಳು. ಎಂಟನೇ ದಿನ ನೀರು ಬರಲಿಲ್ಲ. ಒಂಬತ್ತು, ಹತ್ತು. ಎಲ್ಲೋ ಪೈಪು ಒಡೆದಿದೆ ಅಂದರು. ಡ್ರಮ್ಮಿನ ತಳದ ನೀರಲ್ಲಿ ಹುಳ ಆಡುತ್ತಿದ್ದವು. ಮೂರು ಮನೆಯವರು ಸೇರಿ ಟ್ಯಾಂಕರ್ ಹಾಕಿಸಿದೆವು. ಕುಡಿಯೋಕೆ ಅಂತ ಅಕ್ಕೋರ ಸಂಬಂಧಿಕರ ಮನೆಯಿಂದ ಎರಡು ಕೊಡ ನೀರು ಹೊತ್ತು ತಂದಿದ್ದೆ. ಒಂದು ಮುಗಿದಿತ್ತು, ಇನ್ನೊಂದು ಅಡುಗೆಮನೆ ಕಟ್ಟೆಯ ಕೆಳಗೆ ಇತ್ತು. ನೀನು ಒಂದು ತೆಂಗಿನ ಚಿಪ್ಪು ಹಿಡಿದು ಬಂದೆ. ಗುಬ್ಬಿಗೆ ನೀರಿಡಬೇಕು ಅಂತ ಸ್ಕೂಲಲ್ಲಿ ಹೇಳಿದ್ದರಂತೆ. ಕೊಡ ಬಗ್ಗಿಸೋಕೆ ಹೋಗಿ ಉರುಳಿಸಿದೆ. ನನಗೆ ಶಬ್ದ ಕೇಳಿಸಿತು. ಬಂದು ನೋಡಿದರೆ ನೀರು ಹಿತ್ತಲ ಬಾಗಿಲ ತನಕ ಹರಿದಿತ್ತು. ನಾನು ಹೊಡೆದೆ.

ಒಂದೇ ಏಟು. ಆದರೆ ಕೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹೊಡೆದೆ. ಏಳು ವರ್ಷದ ಮಗು ನೀನು. ನೀನು ಅಳಲಿಲ್ಲ. ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಲಂಗದ ತುದಿಯನ್ನು ನೆಲದ ನೀರಲ್ಲಿ ಅದ್ದಿ, ಬಕೆಟ್ಟಿಗೆ ಹಿಂಡಿ, ಮತ್ತೆ ಅದ್ದಿ, ಮತ್ತೆ ಹಿಂಡಿ, "ಇದು ಬಟ್ಟೆ ಒಗೆಯೋಕೆ ಆಗುತ್ತಲ್ಲಮ್ಮ" ಅಂದೆ. ನಾನು ಅಲ್ಲೇ ನಿಂತಿದ್ದೆ. ನಿನ್ನನ್ನು ಎತ್ತಿಕೊಳ್ಳಬೇಕಿತ್ತು. ಎತ್ತಿಕೊಳ್ಳಲಿಲ್ಲ. ಮತ್ತೆ ಕೊಡ ತಗೊಂಡು ಹೊರಟೆ, ಅಕ್ಕಿ ನೆನೆಸಬೇಕಿತ್ತು.

ಆಮೇಲೆ ಎಷ್ಟೋ ತಿಂಗಳು ನೀನು ಅರ್ಧ ಲೋಟ ನೀರು ಕುಡಿದು ಉಳಿದದ್ದನ್ನು ವಾಪಸ್ ಕೊಡಕ್ಕೆ ಹಾಕೋಕೆ ಹೋಗುತ್ತಿದ್ದೆ. ನಾನು ಅದನ್ನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆ, ನಮ್ಮ ಹುಡುಗಿಗೆ ಎಷ್ಟು ಜವಾಬ್ದಾರಿ ನೋಡಿ ಅಂತ. ಅದು ಜವಾಬ್ದಾರಿ ಅಲ್ಲ, ಭಯ ಅಂತ ನನಗೆ ಗೊತ್ತಾಗೋಕೆ ಎಷ್ಟು ವರ್ಷ ಬೇಕಾಯಿತು. ಇವತ್ತು ಆ ದಿನದ ಪುಟ ತೆಗೆದು ನೋಡಿದೆ. ಟ್ಯಾಂಕರ್ ಪಾಲು ₹120, ಕೊತ್ತಂಬರಿ ₹2, ಬ್ರೆಡ್ಡು ₹14. ಅಷ್ಟೇ ಬರೆದಿದ್ದೇನೆ.

ನಿನಗೆ ಇದು ನೆನಪಿದೆಯೋ ಇಲ್ಲವೋ ನಾನು ಕೇಳಿಲ್ಲ. ಕೇಳೋಕೆ ಧೈರ್ಯ ಬರಲಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಬೋರ್‌ವೆಲ್‌ಗಳು ಬತ್ತಿ, ಜಿಲ್ಲಾಡಳಿತವೇ ಟ್ಯಾಂಕರ್‌ಗೆ ರೇಟು ಕಟ್ಟಬೇಕಾಯಿತಲ್ಲ, 12,000 ಲೀಟರಿಗೆ ಐದು ಕಿಲೋಮೀಟರ್ ಒಳಗಾದರೆ ₹1,000 ಅಂತ, ಆಗ ನೀನು ಎರಡು ಬಕೆಟ್ ನೀರಿನ ಫೋಟೋ ಕಳಿಸಿದ್ದೆ. "ಇವತ್ತಿನ ಕೋಟಾ. ನನಗೇನು, ಹುಬ್ಬಳ್ಳಿಯಲ್ಲೇ ಪ್ರಾಕ್ಟೀಸ್ ಆಗಿದೆ" ಅಂತ ಬರೆದಿದ್ದೆ. ನಗುವ ಚಿತ್ರ ಹಾಕಿದ್ದೆ. ನಾನು ಏನೂ ಉತ್ತರ ಬರೆಯಲಿಲ್ಲ, ಅಮ್ಮ ಬ್ಯುಸಿ ಅಂದುಕೊಂಡಿರುತ್ತೀಯ. ಹೊಡೆದದ್ದು ತಪ್ಪು, ಪುಟ್ಟಿ. ನೀರಿಗೋಸ್ಕರ ಹೊಡೆದೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ನೀರು ಇಲ್ಲದಿದ್ದರೂ ಹೊಡೆಯಬಾರದಿತ್ತು.

ಈಗ ಹುಬ್ಬಳ್ಳಿ ಬೇಡ ಅನ್ನೋಕೆ ನನಗೆ ಹಕ್ಕಿಲ್ಲ. ಊರು ಬದಲಾಗಿದೆ, ಧಾರವಾಡಕ್ಕೆ ಚಿಗರಿ ಬಸ್ಸು ಓಡುತ್ತದೆ, ನಾವಿದ್ದಾಗ ಇರಲಿಲ್ಲ. ನೀನು ಮೈಸೂರಿಗೆ ಹೋಗಲಿ ಅಂತ ನನ್ನ ಮನಸ್ಸಲ್ಲಿದ್ದದ್ದು ಆ ಊರು ಅಗ್ಗ ಅಂತಲ್ಲ, ಅಲ್ಲಿ ನಾನು ನಿನ್ನ ಜೊತೆ ಚೆನ್ನಾಗಿದ್ದೆ, ಅದಕ್ಕೆ. ಇನ್ನೊಂದು ಮಾತು ನೀನು ಹೇಳಿದ್ದೆ, ಬೆಂಗಳೂರಲ್ಲಿದ್ದರೆ ಎರಡು ವರ್ಷಕ್ಕೆ ಕಂಪನಿ ಬದಲಿಸಿ ಸಂಬಳ ಏರಿಸಿಕೊಳ್ಳಬಹುದು, ಅಲ್ಲಿ ಹೋದರೆ ಬದಲಿಸೋಕೆ ಅಷ್ಟು ಕಂಪನಿ ಎಲ್ಲಿವೆ ಅಂತ. ಅದಕ್ಕೆ ನನ್ನ ಯಾವ ಪುಸ್ತಕದಲ್ಲೂ ಉತ್ತರ ಇಲ್ಲ. ಈಗ ಉಳಿಯುವ ₹7,700 ದೊಡ್ಡದೋ, ಮುಂದೆ ಏರುವ ಸಂಬಳ ದೊಡ್ಡದೋ, ಅದು ನಿನ್ನ ಕೆಲಸ ಬಲ್ಲ ನಿನಗೇ ಗೊತ್ತು. ನಮ್ಮ ಮನೆಯಲ್ಲಿ ಇಷ್ಟು ಸಂಬಳ ತಂದ ಮೊದಲ ಹೆಣ್ಣುಮಗಳು ನೀನು. ಇಪ್ಪತ್ತನಾಲ್ಕನೇ ವಯಸ್ಸಿಗೆ ಊರು ಆರಿಸಿಕೊಳ್ಳುತ್ತಿದ್ದೀಯ. ನನಗೆ ಯಾವತ್ತೂ ಯಾರೂ ಯಾವ ಊರು ಬೇಕು ಅಂತ ಕೇಳಿರಲಿಲ್ಲ.

ಎದುರು ಮನೆ ಅಕ್ಕೋರ ಜೊತೆ ಮಧ್ಯಾಹ್ನ ಮತ್ತೆ ಮಾತಾಡಿದೆ. ಅವರ ಓಣಿಗೆ ಈಗ ನಾಲ್ಕು ದಿನಕ್ಕೊಮ್ಮೆ ನೀರಂತೆ. ವಿದ್ಯಾನಗರದ ಕಡೆ ಯಾವ ಗಲ್ಲಿಗೆ ಹೇಗೆ ಅಂತ ಅಲ್ಲೇ ಹೋಗಿ ವಿಚಾರಿಸುತ್ತೇನೆ ಅಂದರು. ನೀನು ಮನೆ ನೋಡೋಕೆ ಹೋದರೆ ಜೊತೆಗೆ ಬರುತ್ತಾರೆ. ಒಬ್ಬಳೇ ಹೋಗಬೇಡ. ಟೈಲ್ಸು, ಬಾಲ್ಕನಿ ಆಮೇಲೆ ನೋಡು. ಮೊದಲು ಸಂಪಿನ ಮುಚ್ಚಳ ತೆಗೆಸು, ಎಷ್ಟು ಲೀಟರಿಂದು ಕೇಳು, ಎಷ್ಟು ಮನೆಗೆ ಒಂದೇ ಸಂಪು ಅಂತ ಕೇಳು. ಓನರ್ ಹೇಳಿದ್ದನ್ನು ಕೆಳಗಿನ ಮನೆ ಹೆಂಗಸಿನ ಹತ್ತಿರ ಇನ್ನೊಮ್ಮೆ ಕೇಳು. ಮೈಸೂರಾದರೂ, ಬೆಂಗಳೂರಲ್ಲೇ ಬೇರೆ ಮನೆಯಾದರೂ ಹೀಗೇ ಮಾಡು.

ಅಕ್ಕೋರು ನಿನ್ನನ್ನು ಕೇಳಿದರು. "ಗುಬ್ಬಿಗೆ ನೀರ ಇಡತಿದ್ದಳಲ್ರೀ, ಆ ಹುಡುಗಿ ಹೆಂಗದಾಳ್ರೀ?" ಅಂದರು. ಅವರ ನಂಬರನ್ನು ಅಪ್ಪ ಸಂಜೆ ಕಳಿಸುತ್ತಾರೆ. ನೀನೇ ಮಾತಾಡು.

ನಿನ್ನ
ಅಮ್ಮ